ಬೊಳ್ಳೆಯೋ, ಕೆಮ್ಮೈರೆಯೋ? ಪೋಕಿಮಾನ್ ಆಟದ ಲೆಕ್ಕ ಕೋಳಿ ಅಂಕದಲ್ಲಿ ನಡೆಯುತ್ತದೆಯೇ?

ಪುತ್ತೂರು, ಸುಳ್ಯ, ಕಡಬ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಜಾತ್ರೆ, ನೇಮಗಳ ಕಾಲ ಶುರುವಾದರೆ ಒಂದು ಬಗೆಯ ಫಾರ್ವರ್ಡ್ ಕೂಡ ಶುರುವಾಗುತ್ತದೆ. ಕುಕ್ಕುಟ ಪಂಚಾಂಗದ ಪುಟವೊಂದರ ಫೋಟೊ, ಕೆಳಗೆ ಎರಡು ಸಾಲು: ಇಂಥ ವಾರ, ಇಂಥ ನಕ್ಷತ್ರ, ಇಷ್ಟು ಹೊತ್ತಿಗೆ ಈ ಬಣ್ಣದ ಹುಂಜಕ್ಕೆ ಜಯ, ಆ ಬಣ್ಣದ್ದಕ್ಕೆ ಸೋಲು. ಕೆಲವರು ಇದನ್ನು ತಮಾಷೆಗೆ ನೋಡಿ ಮುಂದೆ ಕಳಿಸುತ್ತಾರೆ. ಕೆಲವರು ಇದನ್ನೇ ನಂಬಿ ಹಣ ಕಟ್ಟುತ್ತಾರೆ.

ಅದೇ ಮನೆಯ ಮಕ್ಕಳ ಮೊಬೈಲಿನಲ್ಲಿ ಇದಕ್ಕೆ ತುಂಬಾ ಹತ್ತಿರದ ಇನ್ನೊಂದು ಆಟ ಇರುತ್ತದೆ: ಪೋಕಿಮಾನ್. ಅಲ್ಲಿಯೂ ಪ್ರಾಣಿಗಳನ್ನು ಹಿಡಿಯುವುದು, ಸಾಕುವುದು, ಜೋಡಿ ಮಾಡಿ ಮರಿ ಮಾಡಿಸುವುದು, ಕೊನೆಗೆ ಕಾದಾಟಕ್ಕೆ ಬಿಡುವುದು. ಅಲ್ಲಿಯೂ ಯಾವುದು ಯಾವುದನ್ನು ಸೋಲಿಸುತ್ತದೆ ಎಂಬ ಪಟ್ಟಿ ಇದೆ. ಆ ಪಟ್ಟಿ ಸುಳ್ಳಾಗುವುದೇ ಇಲ್ಲ.

ಹಾಗಾದರೆ ಕುಕ್ಕುಟ ಪಂಚಾಂಗದ ಪಟ್ಟಿಯೂ ಅಷ್ಟೇ ಖಚಿತವೇ? ನೇರವಾಗಿ ಹೇಳುವುದಾದರೆ, ಅಲ್ಲ. ಏಕೆ ಅಲ್ಲ ಎಂಬುದನ್ನು ಈ ಎರಡು ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಇದು ಹಣ, ಆರೋಗ್ಯ, ಪೊಲೀಸ್ ಕೇಸು ಮತ್ತು ಒಂದು ಜೀವದ ನೋವಿಗೆ ಸಂಬಂಧಪಟ್ಟ ವಿಷಯ.

ಮೊದಲು, ಪೋಕಿಮಾನ್ ಆಟದಲ್ಲಿ ಏನಿದೆ?

ಪೋಕಿಮಾನ್ ಎಂದರೆ ಪಾಕೆಟ್ ಮಾನ್ಸ್ಟರ್ಸ್ ಎಂಬುದರ ಮೊಟಕು ರೂಪ. ಈ ಸರಣಿಯ ಮೊದಲ ಆಟಗಳು, ರೆಡ್ ಮತ್ತು ಗ್ರೀನ್, ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಪುಟ್ಟ ಯಂತ್ರಕ್ಕೆ ಬಂದವು. ಇದನ್ನು ರೂಪಿಸಿದ ಸತೋಶಿ ತಜಿರಿ ಅವರಿಗೆ ಚಿಕ್ಕಂದಿನಲ್ಲಿ ಹುಳು, ಜೀರುಂಡೆ ಹಿಡಿದು ಕೂಡಿಹಾಕುವ ಹುಚ್ಚು. ಅದೇ ಆಟದ ಮೂಲ ಕಲ್ಪನೆ. ಮೊದಲ ಆಟದಲ್ಲಿ 151 ಜೀವಿಗಳಿದ್ದವು. 1999ರಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಎರಡು ಜೀವಿಗಳನ್ನು ಜೋಡಿ ಮಾಡಿ ಮೊಟ್ಟೆ ಪಡೆಯುವ ವ್ಯವಸ್ಥೆ ಸೇರಿತು.

ಪ್ರತಿ ಜೀವಿಗೂ ಒಂದು ಅಥವಾ ಎರಡು ‘ಟೈಪ್’ ಇರುತ್ತದೆ. ನೀರು ಬೆಂಕಿಯನ್ನು ಸೋಲಿಸುತ್ತದೆ, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು. ಈಗ ಇಂಥ 18 ಟೈಪ್‌ಗಳಿವೆ. ಅಂದರೆ 18ಕ್ಕೆ 18 ಗುಣಿಸಿದರೆ 324 ಮನೆಗಳ ಒಂದು ಕೋಷ್ಟಕ. ನೀರಿನ ಹೊಡೆತ ಬೆಂಕಿಯ ಜೀವಿಗೆ ತಾಗಿದರೆ ಪೆಟ್ಟು ಎರಡು ಪಟ್ಟು. ಸೋಮವಾರವೂ ಎರಡು ಪಟ್ಟು, ಶನಿವಾರವೂ ಎರಡು ಪಟ್ಟು. ಪುತ್ತೂರಿನಲ್ಲಿ ಆಡಿದರೂ ಟೋಕಿಯೊದಲ್ಲಿ ಆಡಿದರೂ ಅಷ್ಟೇ.

ಇಷ್ಟು ಖಚಿತವಾಗಿರಲು ಕಾರಣ ಒಂದೇ: ಆ ನಿಯಮವನ್ನು ಮನುಷ್ಯರೇ ಕುಳಿತು ಪ್ರೋಗ್ರಾಮ್‌ನಲ್ಲಿ ಬರೆದಿದ್ದಾರೆ. ಬೇಕಾದವರು ನೂರು ಸಲ ಆಡಿ ಪರೀಕ್ಷಿಸಿಕೊಳ್ಳಬಹುದು. ಆದರೂ ಅಲ್ಲಿಯೂ ಅದೃಷ್ಟಕ್ಕೆ ಒಂದು ಜಾಗ ಇಟ್ಟಿದ್ದಾರೆ. ಪ್ರತಿ ಪೆಟ್ಟಿನ ಬಲವನ್ನು ಪ್ರೋಗ್ರಾಮ್ ಪೂರ್ತಿ ಬಲದ 85ರಿಂದ 100 ಶೇಕಡಾದ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸುತ್ತದೆ. ನಿಯಮ ಬರೆದವರೇ ಫಲಿತಾಂಶವನ್ನು ನೂರಕ್ಕೆ ನೂರು ಹೇಳಲಾರರು.

ಕುಕ್ಕುಟ ಪಂಚಾಂಗ ಹೇಳುವುದೇನು?

ತುಳುವಿನಲ್ಲಿ ಕೋರಿ ಕಟ್ಟ, ಕನ್ನಡದಲ್ಲಿ ಕೋಳಿ ಅಂಕ. ಹುಂಜಗಳಿಗೆ ಬಣ್ಣದ ಮೇಲೆ ಹೆಸರು: ಬಿಳಿಯದು ಬೊಳ್ಳೆ, ಕೆಂಪು ಛಾಯೆಯದು ಕೆಮ್ಮೈರೆ, ಕಾಗೆಯ ಹಾಗೆ ಕಪ್ಪಾಗಿರುವುದು ಕಕ್ಕೆ. ಇನ್ನೂ ಹಲವು ಹೆಸರುಗಳಿವೆ. ಆಂಧ್ರದ ಗೋದಾವರಿ ಸೀಮೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಕಾದಾಟಗಳಲ್ಲಿಯೂ ಹೀಗೆಯೇ ಕಾಕಿ, ಡೇಗ, ನೆಮಲಿ ಎಂದು ಹುಂಜಗಳನ್ನು ವಿಂಗಡಿಸುತ್ತಾರೆ. ಅಲ್ಲಿಯದು ಕುಕ್ಕುಟ ಶಾಸ್ತ್ರ. ಕಡಲಾಚೆ ಬಾಲಿ ದ್ವೀಪದಲ್ಲಿಯೂ ಕೋಳಿ ಕಾಳಗದ ವಿಷಯ ಬರೆದ ತಾಳೆಗರಿಗಳಿವೆ ಎಂದು ಅಲ್ಲಿ 1958ರಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ ಬರೆದಿದ್ದಾರೆ.

ಪಂಚಾಂಗದ ಲೆಕ್ಕ ಮುಖ್ಯವಾಗಿ ವಾರ, ನಕ್ಷತ್ರ, ಹೊತ್ತು ಮತ್ತು ಬಣ್ಣದ ಮೇಲೆ ನಿಂತಿದೆ. ಪೋಕಿಮಾನ್ ಭಾಷೆಯಲ್ಲಿ ಹೇಳುವುದಾದರೆ ಬಣ್ಣವೇ ಇಲ್ಲಿನ ‘ಟೈಪ್’. ಕೆಮ್ಮೈರೆ ಬೊಳ್ಳೆಯನ್ನು ಸೋಲಿಸುವುದು ಬೆಂಕಿ ಹುಲ್ಲನ್ನು ಸೋಲಿಸಿದ ಹಾಗೆ. ನೋಡಲು ಎರಡೂ ಒಂದೇ ತರಹ. ಆದರೆ ಒಂದರ ಹಿಂದೆ ಬರೆದಿಟ್ಟ ಪ್ರೋಗ್ರಾಮ್ ಇದೆ. ಇನ್ನೊಂದರ ಹಿಂದೆ ಏನಿದೆ?

ಪರೀಕ್ಷೆ ಮಾಡಿದವರು ಯಾರು? ಒಂದು ಸರಳ ಲೆಕ್ಕ

ಇಂಥ ಪಟ್ಟಿಯನ್ನು ಅನುಭವದಿಂದ ಕಂಡುಕೊಂಡದ್ದು ಎಂದು ಹೇಳುವುದುಂಟು. ಹಿರಿಯರು ನೂರಾರು ವರ್ಷ ನೋಡಿ ಬರೆದದ್ದು ಎಂಬ ಮಾತು. ಲೆಕ್ಕ ಹಾಕಿ ನೋಡೋಣ.

ವಾರಗಳು 7, ನಕ್ಷತ್ರಗಳು 27. ಗುಣಿಸಿದರೆ 189. ಹುಂಜದ ಬಣ್ಣ ಐದೇ ಐದು ಎಂದಿಟ್ಟುಕೊಂಡರೂ ಬೇರೆ ಬೇರೆ ಬಣ್ಣದ ಜೋಡಿಗಳು 10 ಆಗುತ್ತವೆ. 189ಕ್ಕೆ 10 ಗುಣಿಸಿದರೆ 1,890 ಬಗೆಯ ಪಂದ್ಯಗಳು. ಒಂದೊಂದು ಬಗೆಯಲ್ಲಿ ಯಾವುದು ಹೆಚ್ಚು ಗೆಲ್ಲುತ್ತದೆ ಎಂದು ತಿಳಿಯಲು ಕನಿಷ್ಠ 30 ಪಂದ್ಯಗಳನ್ನಾದರೂ ನೋಡಿ ಬರೆದಿಡಬೇಕು. ಒಟ್ಟು 56,700 ಪಂದ್ಯ. ಇದರಲ್ಲಿ ಹೊತ್ತಿನ ಲೆಕ್ಕ ಇನ್ನೂ ಸೇರಿಲ್ಲ. ಹುಂಜಗಳ ತೂಕ, ವಯಸ್ಸು ಎಲ್ಲದರಲ್ಲೂ ಸಮ ಇರಬೇಕು, ಸೋಲು ಗೆಲುವು ಎರಡನ್ನೂ ಬಿಡದೆ ಬರೆದಿಡಬೇಕು. ನೋಡಿ ಬರೆದದ್ದು ಎಂದು ಹೇಳುವವರು ಈ ಲೆಕ್ಕದ ಪುಸ್ತಕವನ್ನು ತೋರಿಸಬೇಕಾಗುತ್ತದೆ.

ಇದಕ್ಕಿಂತ ಸರಳವಾದ ಇನ್ನೊಂದು ಪ್ರಶ್ನೆ ಇದೆ. ಅಂಕಕ್ಕೆ ಬರುವ ಎರಡೂ ಕಡೆಯವರು ಅದೇ ಪಂಚಾಂಗ ನೋಡಿ ಬಂದಿದ್ದರೆ, ಸೋಲುತ್ತದೆ ಎಂದು ಬರೆದಿರುವ ಹುಂಜದ ಯಜಮಾನ ತನ್ನ ಕೋಳಿಯನ್ನು ಕಣಕ್ಕೆ ಇಳಿಸುವುದೇಕೆ? ಪಟ್ಟಿ ನಿಜವಾಗಿದ್ದರೆ ಆ ಪಂದ್ಯವೇ ನಡೆಯಬಾರದು. ನಡೆಯುತ್ತದೆ ಎಂದರೆ, ಇಬ್ಬರಲ್ಲಿ ಒಬ್ಬರಾದರೂ ಪಟ್ಟಿಯನ್ನು ಪೂರ್ತಿ ನಂಬಿಲ್ಲ, ಅಥವಾ ಇಬ್ಬರೂ ಪಟ್ಟಿಯನ್ನು ತಮಗೆ ಬೇಕಾದ ಹಾಗೆ ಓದಿದ್ದಾರೆ.

ಮತ್ತೆ, ಎಷ್ಟೋ ಸಲ ಸರಿಯಾಗುತ್ತದಲ್ಲ?

ಆಗುತ್ತದೆ. ಎರಡು ಹುಂಜಗಳಲ್ಲಿ ಒಂದು ಗೆಲ್ಲಲೇಬೇಕು. ಕಣ್ಣು ಮುಚ್ಚಿ ಹೇಳಿದರೂ ಎರಡರಲ್ಲಿ ಒಂದು ಸಲ ಸರಿಯಾಗುತ್ತದೆ. ಸರಿಯಾದದ್ದನ್ನು ನಾವು ಊರಿಗೆಲ್ಲ ಹೇಳುತ್ತೇವೆ. ತಪ್ಪಿದರೆ ಹೊತ್ತು ಸರಿ ನೋಡಲಿಲ್ಲ, ಬಣ್ಣ ಗುರುತಿಸಿದ್ದು ತಪ್ಪಾಯಿತು, ಗರಿಯ ಬುಡದಲ್ಲಿ ಬೇರೆ ಬಣ್ಣ ಇತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನಿಯಮ ಹೆಚ್ಚು ಗೋಜಲಾದಷ್ಟೂ ತಪ್ಪಿಸಿಕೊಳ್ಳಲು ದಾರಿ ಹೆಚ್ಚು.

ಮೊಬೈಲ್ ಬಂದ ಮೇಲೆ ಇದರಲ್ಲಿ ಇನ್ನೊಂದು ಅಪಾಯ ಸೇರಿದೆ. ಒಬ್ಬ 64 ಮಂದಿಗೆ ಸಂದೇಶ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. 32 ಮಂದಿಗೆ ಕೆಮ್ಮೈರೆ ಗೆಲ್ಲುತ್ತದೆ ಎಂದು, ಉಳಿದ 32 ಮಂದಿಗೆ ಬೊಳ್ಳೆ ಗೆಲ್ಲುತ್ತದೆ ಎಂದು. ಯಾವುದು ಗೆದ್ದರೂ 32 ಮಂದಿಗೆ ಅವನ ಮಾತು ನಿಜವಾಯಿತು. ತಪ್ಪು ಸಂದೇಶ ಹೋದವರನ್ನು ಬಿಟ್ಟು, ಈ 32 ಮಂದಿಯನ್ನು ಮತ್ತೆ ಅರ್ಧ ಮಾಡುತ್ತಾನೆ. ಮುಂದೆ 16, 8, 4, 2, ಕೊನೆಗೆ 1. ಆರು ಪಂದ್ಯ ಮುಗಿದಾಗ ಒಬ್ಬನ ಫೋನಿನಲ್ಲಿ ಆರಕ್ಕೆ ಆರೂ ಸರಿಯಾದ ಭವಿಷ್ಯ ಇರುತ್ತದೆ. ಏಳನೆಯ ಪಂದ್ಯಕ್ಕೆ ಆ ಒಬ್ಬ ಎಷ್ಟು ಹಣ ಕೇಳಿದರೂ ಕೊಡುತ್ತಾನೆ. ಕಳಿಸಿದವನಿಗೆ ಕೋಳಿಯ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಕ್ರಿಕೆಟ್ ಬೆಟ್ಟಿಂಗ್, ಷೇರು ಟಿಪ್ಸ್ ಹೆಸರಿನಲ್ಲಿಯೂ ನಡೆಯಬಹುದಾದ ಮೋಸ ಇದೇ.

ಬಣ್ಣಕ್ಕೂ ಬಲಕ್ಕೂ ಸಂಬಂಧವೇ ಇಲ್ಲವೇ?

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ವಿಜ್ಞಾನ ‘ಏನೇನೂ ಇಲ್ಲ’ ಎಂದು ಹೇಳುವುದಿಲ್ಲ.

ಗರಿಯ ಕಪ್ಪು, ಕಂದು ಬಣ್ಣಗಳಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ಎಲ್ಲಿ ಎಷ್ಟು ಹಾಕಬೇಕು ಎಂಬುದನ್ನು ಕೆಲವೇ ಕೆಲವು ಜೀನ್‌ಗಳು ತೀರ್ಮಾನಿಸುತ್ತವೆ. ಮೆಲನಿನ್ ತಯಾರಿಗೆ ಸೂಚನೆ ಕೊಡುವ ಹಾರ್ಮೋನುಗಳಿಗೆ ದೇಹದಲ್ಲಿ ಬೇರೆ ಕೆಲಸಗಳೂ ಇವೆ. ಹಾಗಾಗಿ ಕೆಲವು ಪ್ರಾಣಿಗಳಲ್ಲಿ ಗಾಢ ಬಣ್ಣಕ್ಕೂ ಜಗಳಗಂಟ ಸ್ವಭಾವಕ್ಕೂ ಸ್ವಲ್ಪ ನಂಟು ಕಂಡುಬಂದಿದೆ. ಕೋಳಿಗಳಲ್ಲಿಯೇ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಬಿಳಿ ಕೋಳಿಗಳಿಗಿಂತ ಬಣ್ಣದ ಕೋಳಿಗಳು ಬೇರೆ ಕೋಳಿಗಳಿಂದ ಹೆಚ್ಚು ಕುಕ್ಕಿಸಿಕೊಳ್ಳುತ್ತವೆ ಎಂದು ತೋರಿಸಿತು. ಅಂದರೆ ಬಣ್ಣ ಪೂರ್ತಿ ಅಪ್ರಸ್ತುತ ಅಲ್ಲ.

ಆದರೆ ಪಂಚಾಂಗ ಹೇಳುವುದು ಇದನ್ನಲ್ಲ. ಅದು ಹೇಳುವುದು ಸೋಮವಾರ ಗೆದ್ದ ಬಣ್ಣ ಮಂಗಳವಾರ ಸೋಲುತ್ತದೆ ಎಂದು. ಜೀನ್‌ಗಳು ವಾರ ನೋಡಿ ಬದಲಾಗುವುದಿಲ್ಲ. ವಾರಕ್ಕೆ ಏಳು ದಿನ ಎಂಬುದೇ ಮನುಷ್ಯರ ಲೆಕ್ಕ. ಕೋಳಿಗೆ ಬೆಳಗು ಗೊತ್ತು, ಸಂಜೆ ಗೊತ್ತು, ಮಂಗಳವಾರ ಗೊತ್ತಿಲ್ಲ.

ಇನ್ನೊಂದು ಸಾಕ್ಷಿ ಕಾದಾಟಕ್ಕೆಂದೇ ಬೆಳೆಸಿದ ಭಾರತದ ಹಳೆಯ ತಳಿ ಅಸೀಲ್‌ನಲ್ಲಿ ಸಿಗುತ್ತದೆ. ಅಗಲ ಎದೆ, ಉದ್ದ ಕತ್ತು, ಗಟ್ಟಿ ಕಾಲು, ಮೊಟ್ಟೆ ಮಾತ್ರ ಕಡಿಮೆ. ಈ ಒಂದೇ ತಳಿಯಲ್ಲಿ ಕೆಂಪು ಹೊಂಬಣ್ಣದ ಪೀಲಾ, ಕಪ್ಪು ಕೆಂಪು ಸೇರಿದ ಯಾಕುಬ್, ಬಿಳಿಯ ನೂರಿ, ಕಪ್ಪು ಬಣ್ಣದ ಕಾಗರ್ ಎಂದು ಹಲವು ಬಣ್ಣಗಳಿವೆ. ತಲೆಮಾರುಗಳ ಕಾಲ ಗೆಲ್ಲುವ ಹುಂಜಗಳನ್ನೇ ಆರಿಸಿ ಬೆಳೆಸಿದರೂ ಇಷ್ಟು ಬಣ್ಣಗಳು ಉಳಿದುಕೊಂಡಿವೆ. ಗೆಲುವಿಗೆ ಒಂದು ಬಣ್ಣ ಬೇಕೇಬೇಕು ಎಂದಿದ್ದರೆ ಈಗ ಆ ಒಂದೇ ಬಣ್ಣ ಉಳಿದಿರಬೇಕಿತ್ತು.

ಹೇಂಟೆಗಳು ಕೂಡ ಹುಂಜವನ್ನು ಅಳೆಯುವುದು ಮುಖ್ಯವಾಗಿ ಗರಿಯಿಂದಲ್ಲ. ಅಮೆರಿಕದ ಜೀವವಿಜ್ಞಾನಿ ಮಾರ್ಲೀನ್ ಜುಕ್ ಮತ್ತು ಸಂಗಡಿಗರು 1990ರ ಸುಮಾರಿಗೆ ಕೆಂಪು ಕಾಡುಕೋಳಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಹೇಂಟೆಗಳು ಆರಿಸಿಕೊಂಡದ್ದು ತಲೆಯ ಮೇಲಿನ ಕೆಂಪು ಜುಟ್ಟು ದೊಡ್ಡದಿರುವ ಹುಂಜಗಳನ್ನು. ಜುಟ್ಟು ಹುಂಜದ ಆರೋಗ್ಯ ಮತ್ತು ಹಾರ್ಮೋನಿನ ಕನ್ನಡಿ. ಹುಳಬಾಧೆ ಬಂದರೆ ಮೊದಲು ಬಾಡುವುದು ಅದೇ.

ತಳಿ ಮಾಡುವುದು: ಆಟದಲ್ಲಿ ಮತ್ತು ಅಂಗಳದಲ್ಲಿ

ಪೋಕಿಮಾನ್ ಆಟದಲ್ಲಿ ಪ್ರತಿ ಜೀವಿಗೂ ಆರು ಗುಣಗಳಿರುತ್ತವೆ: ಆಯಸ್ಸು, ಎರಡು ಬಗೆಯ ದಾಳಿ, ಎರಡು ಬಗೆಯ ರಕ್ಷಣೆ, ವೇಗ. 2002ರ ನಂತರದ ಮುಖ್ಯ ಸರಣಿಯ ಆಟಗಳಲ್ಲಿ ಒಂದೊಂದು ಗುಣಕ್ಕೂ 0ಯಿಂದ 31ರವರೆಗಿನ ಒಂದು ಗುಪ್ತ ಅಂಕಿ ಇದೆ. ಎಲ್ಲ ಸೇರಿದರೆ 107 ಕೋಟಿಗೂ ಹೆಚ್ಚು ಬಗೆ. ತಂದೆ ತಾಯಿಯಿಂದ ಕೆಲವು ಅಂಕಿಗಳು ಹಾಗೆಯೇ ಮರಿಗೆ ಹೋಗುತ್ತವೆ. ಆರರಲ್ಲೂ 31 ಇರುವ ಮರಿಗಾಗಿ ಆಟಗಾರರು ನೂರಾರು ಮೊಟ್ಟೆ ಒಡೆಸುತ್ತಾರೆ. ಅಣ್ಣ ತಂಗಿಯನ್ನು ಜೋಡಿ ಮಾಡಿದರೂ ಆಟದಲ್ಲಿ ಏನೂ ತೊಂದರೆ ಇಲ್ಲ.

ಅಂಗಳದ ಕೋಳಿಯಲ್ಲಿ ಹಾಗಲ್ಲ. ಜುಟ್ಟಿನ ಆಕಾರದಂಥ ಕೆಲವು ಗುಣಗಳು ಮಾತ್ರ ಸರಳ ಲೆಕ್ಕದಲ್ಲಿ ಮುಂದೆ ಹೋಗುತ್ತವೆ. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು 1902ರಲ್ಲಿ ಬ್ರಿಟನ್ನಿನ ವಿಲಿಯಂ ಬೇಟ್ಸನ್ ತೋರಿಸಿದ್ದು ಕೋಳಿಗಳಲ್ಲಿಯೇ, ಜುಟ್ಟಿನ ಆಕಾರವನ್ನು ಹಿಡಿದುಕೊಂಡು. ಆದರೆ ತೂಕ, ಚುರುಕುತನ, ಜಗಳದ ಸ್ವಭಾವ ಇವೆಲ್ಲ ಹತ್ತಾರು ಜೀನ್‌ಗಳು, ಮೇವು, ಬೆಳೆದ ಜಾಗ, ರೋಗ ಎಲ್ಲ ಸೇರಿ ಆಗುವಂಥವು. ಗೆದ್ದ ಹುಂಜದ ಮರಿ ಗೆಲ್ಲುತ್ತದೆ ಎಂಬ ಖಾತರಿ ಇಲ್ಲ. ಒಂದೇ ಮನೆಯ ಕೋಳಿಗಳನ್ನು ಮತ್ತೆ ಮತ್ತೆ ಜೋಡಿ ಮಾಡುತ್ತಾ ಹೋದರೆ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ. ಊರ ಕೋಳಿ ಸಾಕುವವರು ಎರಡು ಮೂರು ತಲೆಮಾರಿಗೊಮ್ಮೆ ದೂರದ ಮನೆಯ ಹುಂಜ ತಂದು ಬಿಡುವುದು ಒಳ್ಳೆಯದು.

ಪೋಕಿಮಾನ್‌ನಿಂದ ಮಕ್ಕಳ ತಲೆಗೆ ಸೇರುವ ಒಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಹೇಳಿಬಿಡೋಣ. ಆಟದಲ್ಲಿ ಒಂದು ಜೀವಿ ಕಣ್ಣೆದುರೇ ಇನ್ನೊಂದಾಗಿ ಬದಲಾಗುವುದನ್ನು ‘ಎವಲ್ಯೂಷನ್’ ಎನ್ನುತ್ತಾರೆ. ಟಾರ್ಚಿಕ್ ಎಂಬ ಪುಟ್ಟ ಕೋಳಿಮರಿ ಕೊನೆಗೆ ಬ್ಲೇಜಿಕೆನ್ ಎಂಬ, ಕಾದಾಟದ ಹುಂಜವನ್ನು ಹೋಲುವ ಜೀವಿಯಾಗುತ್ತದೆ. ಇದು ಕಂಬಳಿಹುಳು ಚಿಟ್ಟೆಯಾದ ಹಾಗೆ, ಒಂದೇ ಜೀವಿಯ ರೂಪಾಂತರ. ನಿಜವಾದ ವಿಕಾಸ ಒಂದು ಜೀವಿಯಲ್ಲಿ ಆಗುವುದಿಲ್ಲ, ಸಾವಿರಾರು ತಲೆಮಾರುಗಳಲ್ಲಿ ಆಗುತ್ತದೆ.

ಅದಕ್ಕೆ ಉದಾಹರಣೆ ನಮ್ಮ ಕಾಡಿನಲ್ಲೇ ಇದೆ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಅದರ ಕಾಲು ಹಳದಿಯಲ್ಲ. ಇಂದು ಜಗತ್ತಿನ ಎಷ್ಟೋ ಸಾಕುಕೋಳಿಗಳಿಗೆ ಇರುವ ಹಳದಿ ಕಾಲಿನ ಜೀನ್ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅದು ಪಶ್ಚಿಮ ಘಟ್ಟ ಸೇರಿದಂತೆ ಭಾರತದ ದಕ್ಷಿಣ ಭಾಗದ ಕಾಡುಗಳ ಹಕ್ಕಿ. ಸುಬ್ರಹ್ಮಣ್ಯ, ಪುಷ್ಪಗಿರಿ ಕಡೆಯ ಕಾಡಂಚಿನಲ್ಲಿ ಬೆಳಗಿನ ಹೊತ್ತು ಕೂಗುವುದು ಅದೇ.

ಕಣದಲ್ಲಿ ಗೆಲುವನ್ನು ತೀರ್ಮಾನಿಸುವುದು ಯಾವುದು?

ಹುಂಜಗಳು ಜಗಳವಾಡುವುದು ಸಹಜ. 1920ರ ದಶಕದ ಆರಂಭದಲ್ಲಿ ನಾರ್ವೆಯ ಶೆಲ್ಡರಪ್ ಎಬ್ಬೆ ಎಂಬ ವಿಜ್ಞಾನಿ ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೀಳಿನ ಸಾಲು ಇರುತ್ತದೆ ಎಂದು ವಿವರಿಸಿದರು. ಈ ಸಾಲು ಒಮ್ಮೆ ತೀರ್ಮಾನವಾದರೆ ಜಗಳ ಕಡಿಮೆಯಾಗುತ್ತದೆ. ಅಂಗಳದಲ್ಲಿ ಎರಡು ಹುಂಜ ಹಾರಿ ಹೊಡೆದಾಡಿದರೂ ಸೋತದ್ದು ಓಡಿಹೋಗುತ್ತದೆ, ಗೆದ್ದದ್ದು ಕೂಗುತ್ತದೆ. ಅಲ್ಲಿಗೆ ಮುಗಿಯಿತು.

ಅಂಕದಲ್ಲಿ ಈ ಎರಡು ಸಂಗತಿಗಳೂ ಇಲ್ಲ. ಪರಿಚಯವಿಲ್ಲದ ಎರಡು ಹುಂಜಗಳನ್ನು ಎದುರುಬದುರು ತರುತ್ತಾರೆ, ಓಡಿಹೋಗಲು ದಾರಿ ಇಲ್ಲ. ಕಾಲಿಗೆ ಬಾಳು ಕಟ್ಟಿರುತ್ತಾರೆ. ಹರಿತವಾದ ಬಾಳು ಇದ್ದ ಮೇಲೆ ಬಲಕ್ಕಿಂತ ಆಕಸ್ಮಿಕದ ಪಾಲು ಹೆಚ್ಚು. ಹೆಚ್ಚು ಬಲದ ಹುಂಜವೂ ಒಂದೇ ಗೀರಿಗೆ ಬೀಳಬಹುದು. ಹಾಗಾಗಿ ಬಣ್ಣ ನೋಡಿ ಭವಿಷ್ಯ ಹೇಳುವುದು ಇನ್ನೂ ಅರ್ಥಹೀನ.

ಕೋಳಿಗೆ ಅಷ್ಟು ನೋವು ಗೊತ್ತಾಗುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಇದು ತಪ್ಪು. 2000ದಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕುಂಟುವ ಕೋಳಿಗಳ ಮುಂದೆ ಎರಡು ಬಗೆಯ ಮೇವು ಇಟ್ಟರು, ಒಂದರಲ್ಲಿ ನೋವು ನಿವಾರಕ ಔಷಧ ಬೆರೆಸಿತ್ತು. ಹೆಚ್ಚು ಕುಂಟುವ ಕೋಳಿಗಳು ಔಷಧದ ಮೇವನ್ನು ಹೆಚ್ಚು ತಿಂದವು. ನೋವು ಗೊತ್ತಾಗದ ಜೀವಿ ನೋವಿನ ಮದ್ದನ್ನು ಆರಿಸಿಕೊಳ್ಳುವುದಿಲ್ಲ.

ಪೋಕಿಮಾನ್‌ಗೂ ಅಂಕಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ತನ್ನ ಜೀವಿಗಳು ಸೋತಾಗ ಸಾಯದೆ ಪ್ರಜ್ಞೆ ತಪ್ಪುವ ಹಾಗೆ ಬೇಕೆಂದೇ ಮಾಡಿದೆ ಎಂದು ತಜಿರಿ 1999ರಲ್ಲಿ ಟೈಮ್ ಪತ್ರಿಕೆಯ ಸಂದರ್ಶನದಲ್ಲಿ ಹೇಳಿದ್ದರು. ಆಸ್ಪತ್ರೆಗೆ ಒಯ್ದು ಒಂದು ಗುಂಡಿ ಒತ್ತಿದರೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಅಂಕದಲ್ಲಿ ಸೋತ ಕೋಳಿ ಗೆದ್ದವನ ಮನೆಯ ಸಾರಿಗೆ ಹೋಗುತ್ತದೆ.

ಹಾಗೆಂದು ಇಂಥ ಆಟ ಆಡುವ ಮಕ್ಕಳು ಕ್ರೂರಿಗಳಾಗುತ್ತಾರೆ ಎಂಬ ಫಾರ್ವರ್ಡ್‌ಗಳಿಗೂ ಆಧಾರ ಸಾಲದು. ಬ್ರಿಟನ್ನಿನಲ್ಲಿ 14, 15 ವರ್ಷದ 1,004 ಮಕ್ಕಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಡೆದಾಟದ ವಿಡಿಯೊ ಗೇಮ್‌ಗೂ ಮಕ್ಕಳ ಜಗಳಗಂಟ ನಡವಳಿಕೆಗೂ ಸಂಬಂಧ ಕಾಣಲಿಲ್ಲ. ನಿದ್ದೆ, ಓದು, ಕಣ್ಣಿನ ದೃಷ್ಟಿಯಿಂದ ಹೊತ್ತಿಗೆ ಮಿತಿ ಹಾಕುವುದು ಬೇರೆ ವಿಷಯ, ಅದು ಬೇಕು.

‘ಕಂಬಳಕ್ಕೆ ಅನುಮತಿ ಸಿಕ್ಕಿದೆ, ಹಾಗಾಗಿ ಇದಕ್ಕೂ ಇದೆ’: ನಿಜವೇ?

ನಿಜವಲ್ಲ. ಕೇಂದ್ರದ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲಿ ಬಂದದ್ದು. ಅದರ 11ನೇ ವಿಧಿಯ ಪ್ರಕಾರ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಕಾದಾಟಕ್ಕೆ ಎಬ್ಬಿಸುವುದು ಅಪರಾಧ. ಅದಕ್ಕೆಂದು ಜಾಗ ಏರ್ಪಾಡು ಮಾಡುವುದು, ಹಣ ಪಡೆದು ಒಳಗೆ ಬಿಡುವುದು ಕೂಡ ಅಪರಾಧ. ಬಾಳು ಕಟ್ಟದಿದ್ದರೆ ಪರವಾಗಿಲ್ಲ ಎಂಬ ವಿನಾಯಿತಿ ಅದರಲ್ಲಿ ಇಲ್ಲ.

ಕಂಬಳದ ವಿಷಯ ಬೇರೆ. ಕರ್ನಾಟಕ ಸರ್ಕಾರ 2017ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶ ಕೊಟ್ಟಿತು. ತಮಿಳುನಾಡು, ಮಹಾರಾಷ್ಟ್ರದ ಇಂಥ ತಿದ್ದುಪಡಿಗಳ ಜೊತೆ ಅದನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ಕೋಳಿ ಅಂಕದ ಹೆಸರಿಲ್ಲ.

1960ರ ಕಾಯ್ದೆಯ ದಂಡ ಬಹಳ ಸಣ್ಣದು: ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಇದನ್ನು ನೋಡಿ ‘ಬರೀ 50 ರೂಪಾಯಿ’ ಎನ್ನುವವರಿದ್ದಾರೆ. ಆದರೆ ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಹಣ ಕಟ್ಟಿ ಆಡಿದರೆ ಜೂಜಿನ ಕಾನೂನು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಯುವಕರಿಗೆ ಹೆಸರಿನ ಮೇಲೊಂದು ಕೇಸು ಇರುವುದೇ ದಂಡಕ್ಕಿಂತ ದೊಡ್ಡ ತೊಂದರೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೂ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ.

ಅಂಕಕ್ಕೂ ದೈವದ ಕಾರ್ಯಕ್ಕೂ ನಂಟು ಇದೆ ಎಂಬುದು ತುಳುನಾಡಿನ ಹಲವು ಊರುಗಳ ನಂಬಿಕೆ. ಆ ನಂಬಿಕೆಯ ವಿಚಾರಣೆ ಈ ಬರಹದ ಕೆಲಸವಲ್ಲ. ಆದರೆ ಬಣ್ಣ ನೋಡಿ ಹಣ ಕಟ್ಟಿ ಎಂದು ಗುಂಪಿಗೆ ಬರುವ ಫೋಟೊ ಆರಾಧನೆಯ ಭಾಗವಲ್ಲ. ಅದು ಬಾಜಿಯ ಭಾಗ.

ಹಣದ ಲೆಕ್ಕ ಮತ್ತು ರೋಗದ ಲೆಕ್ಕ

ಒಂದು ಉದಾಹರಣೆ. ಇಬ್ಬರು ತಲಾ 500 ರೂಪಾಯಿ ಕಟ್ಟುತ್ತಾರೆ, ಗೆದ್ದ ಹಣದಲ್ಲಿ 50 ರೂಪಾಯಿ ಆಡಿಸುವವನ ಪಾಲು. ಗೆದ್ದರೆ 450 ರೂಪಾಯಿ ಲಾಭ, ಸೋತರೆ 500 ರೂಪಾಯಿ ನಷ್ಟ. ಗೆಲುವು ಸೋಲು ಸಮ ಸಮ ಆದರೂ ಪ್ರತಿ ಬಾಜಿಗೆ ಸರಾಸರಿ 25 ರೂಪಾಯಿ ಕೈಬಿಡುತ್ತದೆ. 40 ಬಾಜಿ ಕಟ್ಟಿದವನ ಕೈಯಿಂದ ಸರಾಸರಿ 1,000 ರೂಪಾಯಿ ಹೋಗಿರುತ್ತದೆ. ಎಲ್ಲ ಪಂದ್ಯದಲ್ಲೂ ಖಚಿತವಾಗಿ ಗೆಲ್ಲುವವನು ಆಡಿಸುವವನು ಮಾತ್ರ. ಅವನಿಗೆ ಪಂಚಾಂಗ ಬೇಕಾಗಿಲ್ಲ.

ರೋಗದ ವಿಷಯ ಇದಕ್ಕಿಂತ ಗಂಭೀರ. ಹತ್ತಾರು ಊರಿನ ಕೋಳಿಗಳು ಒಂದು ಗದ್ದೆಯಲ್ಲಿ ಸೇರಿ, ರಕ್ತ, ಜೊಲ್ಲು ಹಚ್ಚಿಕೊಂಡು ಮನೆಗೆ ಮರಳುತ್ತವೆ. ನಾವು ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗ ಎನ್ನುವುದು ಹೀಗೆ ಸುಲಭವಾಗಿ ಹಬ್ಬುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2002 ಮತ್ತು 2003ರಲ್ಲಿ ಈ ರೋಗ ಹಬ್ಬಿದಾಗ, ಮನೆಯಂಗಳದ ಕಾದಾಟದ ಕೋಳಿಗಳ ಓಡಾಟ ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಹತೋಟಿಗೆ ತರಲು 30 ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. 2004ರಲ್ಲಿ ಹಕ್ಕಿಜ್ವರ ಕಾಡಿದ ಮೇಲೆ ಥಾಯ್ಲೆಂಡಿನಲ್ಲಿ ಕಾದಾಟದ ಹುಂಜಗಳಿಗೆ ಪಾಸ್‌ಪೋರ್ಟ್ ಪುಸ್ತಕವನ್ನೇ ಜಾರಿಗೆ ತಂದರು. ಹಕ್ಕಿಜ್ವರ ಮನುಷ್ಯರಿಗೂ ಬರಬಹುದಾದ ರೋಗ.

ಬಾಳು ಮನುಷ್ಯರನ್ನೂ ಬಿಡುವುದಿಲ್ಲ. 2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ ಹುಂಜದ ಕಾಲಿಗೆ ಕಟ್ಟಿದ್ದ ಕತ್ತಿ ತಾಗಿ ಒಬ್ಬರು ಸತ್ತರು.

ಊರ ಕೋಳಿ ಸಾಕುವವರಿಗೆ ಉಪಯೋಗಕ್ಕೆ ಬರುವ ಪಂಚಾಂಗ ಒಂದಿದೆ, ಅದು ಲಸಿಕೆಯದು. ರಾಣಿಖೇತ್ ತಡೆಗೆ ಮರಿಗೆ 5ರಿಂದ 7 ದಿನ ಆದಾಗ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, ಮುಂದೆ ಸುಮಾರು 8 ವಾರಕ್ಕೆ ಚುಚ್ಚುಮದ್ದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಈ ಲೆಕ್ಕ ಬಣ್ಣ ನೋಡುವುದಿಲ್ಲ. ಬೊಳ್ಳೆಗೂ ಕೆಮ್ಮೈರೆಗೂ ಒಂದೇ.

ಫಾರ್ವರ್ಡ್ ಮಾಡುವ ಮೊದಲು

ಇಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಈ ಮೂರು ಪ್ರಶ್ನೆ ಕೇಳಿ:

1. ಈ ಭವಿಷ್ಯ ತಪ್ಪಿದ ಪಂದ್ಯಗಳ ಲೆಕ್ಕವನ್ನೂ ಯಾರಾದರೂ ಇಟ್ಟಿದ್ದಾರೆಯೇ?

2. ಎದುರಿನವನೂ ಇದೇ ಪುಟ ಓದಿ ಬಂದಿದ್ದರೆ ಏನಾಗುತ್ತದೆ?

3. ನಾನು ಹಣ ಕಟ್ಟಿದರೆ ಖಚಿತವಾಗಿ ಲಾಭ ಆಗುವುದು ಯಾರಿಗೆ?

ಉತ್ತರ ಸಿಗದಿದ್ದರೆ ಆ ಫೋಟೊ ನಿಮ್ಮ ಫೋನಿನಲ್ಲೇ ನಿಲ್ಲಲಿ. ಯಾವ ಟೈಪ್ ಯಾವುದನ್ನು ಸೋಲಿಸುತ್ತದೆ ಎಂದು ಪಟ್ಟಿ ನೋಡಿ ಗೆಲ್ಲುವ ಆಸೆ ಇದ್ದರೆ, ಮಕ್ಕಳ ಜೊತೆ ಕುಳಿತು ಪೋಕಿಮಾನ್ ಆಡಿ. ಅಲ್ಲಿ ಪಟ್ಟಿ ಸುಳ್ಳು ಹೇಳುವುದಿಲ್ಲ, ಸೋತದ್ದು ಸಾಯುವುದೂ ಇಲ್ಲ.